ಒಲೆಗೆ ಮನೆಯ ತೊಲೆ ಬೇಡ

ನಮ್ಮ ಅಸೂಟಿಯ ಕಡೆ ಊಟವೆಂದರೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಜೊತೆಗೆ ಶೇಂಗಾ ಹಿಂಡಿ. ಹೊಟ್ಟೆಗೆ ಹೋದ ಮೇಲೆ ಈ ಮೂರೂ ಒಂದೇ ಕೆಲಸ ಮಾಡುತ್ತವೆಯೇ ಎಂದು 10ನೆಯ ತರಗತಿಯ ಮೊಮ್ಮಗಳು ಕೇಳಿದಳು. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನ ಕೌಂಟರಿನಲ್ಲಿ. ಆದರೂ ಅವಳ ವಿಜ್ಞಾನದ ಪುಸ್ತಕ ಓದುತ್ತ ಹೋದಂತೆ, ಇದು ನನಗೆ ಗೊತ್ತಿರುವ ಲೆಕ್ಕವೇ ಅನ್ನಿಸಿತು.

ಮಕ್ಕಳೇ, ನಾವು ಎಳೆದುಕೊಂಡ ಉಸಿರಿನ ಆಮ್ಲಜನಕ ರಕ್ತದೊಡನೆ ಜೀವಕೋಶಗಳಿಗೆ ಹೋಗುತ್ತದೆ. ಅಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಅವುಗಳಲ್ಲಿ ಆಹಾರ ಬೆಂಕಿಯಿಲ್ಲದೆ, ಮೆಲ್ಲಗೆ ಉರಿಯುತ್ತದೆ. ಬಂದ ಶಕ್ತಿ ಎಟಿಪಿ ಎಂಬ ಅಣುವಿನಲ್ಲಿ ಸೇರುತ್ತದೆ. ಎಟಿಪಿ ಎಂದರೆ ಚಿಲ್ಲರೆ ನಾಣ್ಯವಿದ್ದಂತೆ. ಕೈ ಎತ್ತಲು, ಯೋಚಿಸಲು, ಎಲ್ಲಕ್ಕೂ ಜೀವಕೋಶ ಇದನ್ನೇ ಎಣಿಸಿ ಕೊಡುತ್ತದೆ. 1929ರಲ್ಲಿ ಸ್ನಾಯುವಿನಲ್ಲಿ ಇದನ್ನು ಕಂಡವರಲ್ಲಿ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಒಬ್ಬರು.

ರೊಟ್ಟಿಯ ಪಿಷ್ಟ ಗ್ಲೂಕೋಸ್ ಆಗುತ್ತದೆ. ಇದು ಕೈಯಲ್ಲಿನ ನಗದು. ಮಿಕ್ಕದ್ದು ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜನ್ ಆಗಿ ಕೂಡುತ್ತದೆ. ಇದು ಉಳಿತಾಯ ಖಾತೆ. ಯಕೃತ್ತಿನಲ್ಲಿರುವುದು ಸುಮಾರು 100 ಗ್ರಾಂ ಅಷ್ಟೇ. ಒಂದು ದಿನದ ಉಪವಾಸಕ್ಕೆ ಬಹುತೇಕ ಖಾಲಿ. ಶೇಂಗಾದ ಎಣ್ಣೆ, ಅಂದರೆ ಕೊಬ್ಬು, ಮುದ್ದತಿ ಠೇವಣಿ. ಒಂದು ಗ್ರಾಂ ಪಿಷ್ಟ 4 ಕಿಲೊಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಆದರೆ ಅದನ್ನು ಉರಿಸಲು ಆಮ್ಲಜನಕವೂ ಹೆಚ್ಚು ಬೇಕು. ಬೇರೆ ಬೇರೆ ದಾರಿಯಲ್ಲಿ ಬಂದರೂ ಕೊನೆಗೆ ಎಲ್ಲವೂ ಒಂದೇ ಚಕ್ರಕ್ಕೆ ಸೇರುತ್ತವೆ. ಆ ಚಕ್ರವನ್ನು 1937ರಲ್ಲಿ ವಿವರಿಸಿದವರು ಹ್ಯಾನ್ಸ್ ಕ್ರೆಬ್ಸ್.

ಹೆಸರುಕಾಳಿನ ಪ್ರೋಟೀನೂ ಉರಿಯಬಲ್ಲದು, ಗ್ರಾಮಿಗೆ 4. ಆದರೆ ಮೊದಲು ಅದರ ಸಾರಜನಕದ ಭಾಗ ಕಳಚಬೇಕು. ಅದು ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಪ್ರೋಟೀನಿಗೆ ಬೇರೆ ಗೋದಾಮು ಇಲ್ಲ. ಅದು ಸ್ನಾಯುವಾಗಿ, ಮನೆಯ ಕಂಬ-ತೊಲೆಗಳಂತೆ ನಿಂತಿರುತ್ತದೆ.

ಇದು ಮನದಟ್ಟಾದದ್ದು ಎಂಬತ್ತು ದಾಟಿದ ನನ್ನ ಅಣ್ಣನಿಂದ. ಹೋದ ಮಳೆಗಾಲ ಅವನಿಗೆ ಎರಡು ವಾರ ಜ್ವರ. ಊಟ ಅಂದರೆ ಗಂಜಿ, ಅದೂ ನಾಲ್ಕು ಚಮಚ. ಜ್ವರ ಬಿಟ್ಟಿತು, ನೆಲದಿಂದ ಏಳಲು ಮಾತ್ರ ಆಗಲಿಲ್ಲ. ಹೊಟ್ಟೆಯ ಬೊಜ್ಜು ಹಾಗೇ ಇತ್ತು, ತೊಡೆಗಳು ಕೋಲಾಗಿದ್ದವು.

ಠೇವಣಿ ಇರುವಾಗ ದೇಹ ತೊಲೆ ಯಾಕೆ ಮಾರಿತು? ಮಿದುಳಿಗೆ, ಕೆಂಪು ರಕ್ತಕಣಗಳಿಗೆ ಗ್ಲೂಕೋಸ್ ಬೇಕು. ಕೊಬ್ಬಿನಾಮ್ಲದಿಂದ ನಮ್ಮ ದೇಹ ಗ್ಲೂಕೋಸ್ ಮಾಡಲಾರದು. ಸ್ನಾಯುವಿನ ಪ್ರೋಟೀನಿನಿಂದ ಮಾಡಬಲ್ಲದು. ಬರೀ ಉಪವಾಸವಾದರೆ ಕೆಲವು ದಿನಗಳಲ್ಲಿ ಮಿದುಳು ಕೊಬ್ಬಿನಿಂದಾಗುವ ಕೀಟೋನ್‌ಗಳಿಗೆ ಒಗ್ಗಿಕೊಂಡು ಈ ಮಾರಾಟ ತಗ್ಗುತ್ತದೆ. ಜ್ವರದಲ್ಲಿ ಅಷ್ಟು ತಗ್ಗುವುದಿಲ್ಲ. ಮಲಗಿಯೇ ಇದ್ದರೆ ಸ್ನಾಯು ಇನ್ನೂ ಬೇಗ ಕರಗುತ್ತದೆ.

ವೈದ್ಯರು ಹೇಳಿದ್ದು ಎರಡೇ ಮಾತು: ದಿನವೂ ಬೇಳೆ-ಕಾಳು, ಹಾಲು-ಮೊಸರು, ಗೋಡೆ ಹಿಡಿದಾದರೂ ಎದ್ದು ಕೂಡುವ ಅಭ್ಯಾಸ. “ಈ ವಯಸ್ಸಿಗೆ ಕಾಳು ಅರಗೂದಿಲ್ಲೋ” ಎಂದು ಅಣ್ಣ ಗೊಣಗಿದ. ಅತ್ತಿಗೆ ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಗಂಜಿಗೇ ಬೆರೆಸಿದರು. ಮೂರು ತಿಂಗಳಿಗೆ ಅಣ್ಣ ಕೋಲೂರಿ ಕಟ್ಟೆಯವರೆಗೆ ಬಂದ. ಮೊದಲಿನ ನಡಿಗೆ ಇನ್ನೂ ಬಂದಿಲ್ಲ.

ಅಜ್ಜ-ಅಜ್ಜಿಯರೇ, ಕಾಯಿಲೆ ಬಿದ್ದಾಗ ಬರೀ ಗಂಜಿಗೆ ತೃಪ್ತರಾಗಬೇಡಿ. ಮೂತ್ರಪಿಂಡದ ತೊಂದರೆ ಇದ್ದವರು ಕಾಳು-ಬೇಳೆ ಎಷ್ಟು ತಿನ್ನಬೇಕೆಂದು ವೈದ್ಯರನ್ನೇ ಕೇಳಿ. ಮಕ್ಕಳೇ, ಇಂದು ರಾತ್ರಿ ನಿಮ್ಮ ಮನೆಯ ಹಿರಿಯರ ತಾಟು ಒಮ್ಮೆ ನೋಡಿ. ಬೇಳೆ ಕಡಿಮೆ ಇದ್ದರೆ ಒಂದು ಸೌಟು ನೀವೇ ಬಡಿಸಿ.