ಉಜ್ಜಿ ಕಳೆದುಕೊಂಡ ಕಾಂತಿ

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಮೆರಿಕದ ಬೆಳ್ಳಿಯ ಡಾಲರ್ ನಾಣ್ಯವೊಂದಿದೆ. ಬಹುಕಾಲ ಆ ದೇಶದಲ್ಲಿದ್ದ ಅಣ್ಣನವರು ಅದನ್ನು ತಾಯಿಯವರ ಕೈಗಿತ್ತಿದ್ದರು. ಇಂದು ಅವರಿಬ್ಬರೂ ಲಿಂಗೈಕ್ಯರು. ತಾಯಿಯವರ ಅರಿವೆಯ ಗಂಟಿನಲ್ಲಿದ್ದು ಕಪ್ಪೇರಿದ್ದ ಆ ನಾಣ್ಯವನ್ನು ಅಣ್ಣನವರ ಪುಣ್ಯಸ್ಮರಣೆಯ ಮುನ್ನಾದಿನ, ಮನೆಯ ಬೆಳ್ಳಿ ಬೆಳಗುವ ರೂಢಿಯಂತೆ, ವಿಭೂತಿ ಹಚ್ಚಿ ಉಜ್ಜಿದೆವು. ಅದು ಥಳಥಳಿಸಿತು, ನಾವು ಹಿಗ್ಗಿದೆವು. ಮರುದಿನ ಬಂದ ನಾಣ್ಯಸಂಗ್ರಾಹಕ ಮಿತ್ರರು ಅದನ್ನು ನೋಡಿ ಮೌನವಾದಾಗಲೇ ನಮ್ಮ ತಪ್ಪು ನಮಗೆ ತಿಳಿದದ್ದು.

ಅದು 1921ರ ಮಾರ್ಗನ್ ಡಾಲರ್. ಜಾರ್ಜ್ ಮಾರ್ಗನ್ ಎಂಬ ಶಿಲ್ಪಿ ರೂಪಿಸಿದ ಈ ನಾಣ್ಯ 1878ರಿಂದ 1904ರವರೆಗೆ, ಪುನಃ 1921ರಲ್ಲಿ ಅಚ್ಚಾಯಿತು. 2021ರಲ್ಲಿ ಸಂಗ್ರಾಹಕರಿಗಾಗಿ ಮತ್ತೆ ಅಚ್ಚಾಯಿತು. ಹಳೆಯ ನಾಣ್ಯದ ತೂಕ 26.73 ಗ್ರಾಂ, ನೂರರಲ್ಲಿ 90 ಪಾಲು ಬೆಳ್ಳಿ, ಉಳಿದದ್ದು ತಾಮ್ರ.

ಇದರ ಕಥೆ ನಮ್ಮ ನಾಡನ್ನೂ ಮುಟ್ಟುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದಾಗ ಸರಕಾರದ ಭಂಡಾರ ಬರಿದಾಗುತ್ತ ಬಂತು. ಆಗ ಅಮೆರಿಕವು 1918ರ ಪಿಟ್‌ಮನ್ ಕಾಯಿದೆಯನ್ವಯ 27 ಕೋಟಿಗೂ ಅಧಿಕ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರ ಬಹುಪಾಲು ಬೆಳ್ಳಿಯನ್ನು ಬ್ರಿಟನ್ ಕೊಂಡು ಭಾರತಕ್ಕಾಗಿ ಬಳಸಿತು. ನಮ್ಮ ಅಜ್ಜಂದಿರು ಎಣಿಸಿದ ಐದನೆಯ ಜಾರ್ಜ್ ದೊರೆಯ ರೂಪಾಯಿಗಳಲ್ಲಿ ಕೆಲವು ಆ ಬೆಳ್ಳಿಯವೇ ಆಗಿರಬಹುದು!

ನಾಣ್ಯದ ಬೆಲೆಯನ್ನು ವರ್ಷ, ಟಂಕಸಾಲೆ ಮತ್ತು ಸ್ಥಿತಿ ನಿರ್ಧರಿಸುತ್ತವೆ. ಹಿಂಬದಿಯ ಎಲೆಮಾಲೆಯ ಕೆಳಗೆ ‘ಎಸ್’ ಇದ್ದರೆ ಸ್ಯಾನ್‌ಫ್ರಾನ್ಸಿಸ್ಕೊ, ‘ಸಿಸಿ’ ಇದ್ದರೆ ಕಾರ್ಸನ್ ಸಿಟಿ, ಗುರುತಿಲ್ಲದಿದ್ದರೆ ಫಿಲಡೆಲ್ಫಿಯ. 1893ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅಚ್ಚಾದವು ಕೇವಲ 1 ಲಕ್ಷ. ಅವು ಬಲು ದುರ್ಲಭ. 1921ರವು 8 ಕೋಟಿಗೂ ಹೆಚ್ಚು. ಹೀಗಾಗಿ ಹಣದ ಲೆಕ್ಕದಲ್ಲಿ ನಮ್ಮ ನಷ್ಟ ಅಲ್ಪವೇ.

ಗಾಳಿ, ಬಟ್ಟೆ, ಕಾಗದಗಳಲ್ಲಿನ ಗಂಧಕದ ಅಂಶದಿಂದ ಬೆಳ್ಳಿ ಕಪ್ಪಾಗುತ್ತದೆ. ಅಚ್ಚೊತ್ತುವಾಗ ಮೂಡಿದ ಕೂದಲಿಗಿಂತ ನವಿರಾದ ಗೆರೆಗಳೇ ನಾಣ್ಯದ ಸಹಜ ಕಾಂತಿಗೆ ಕಾರಣ. ಉಜ್ಜಿದರೆ ಕಪ್ಪಿನೊಡನೆ ಆ ಗೆರೆಗಳೂ ಅಳಿಯುತ್ತವೆ, ಮರಳಿ ಬಾರವು. ಆದ್ದರಿಂದ ಹುಣಿಸೆ, ಬೂದಿ, ಹಲ್ಲುಪುಡಿ ಯಾವುದೂ ಸಲ್ಲದು. ಕೈ ತೊಳೆದು ಒರೆಸಿಕೊಂಡು ಅಂಚನ್ನಷ್ಟೇ ಹಿಡಿಯಬೇಕು. ಮೆತ್ತನೆಯ ಪಿವಿಸಿ ಚೀಲದಲ್ಲಿ ಇಡದೆ, ನಾಣ್ಯಗಳಿಗೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವವಿಲ್ಲದ ಕಡೆ ಇಡಬೇಕು.

ಬಂಧುಗಳೇ, ನಾವು ಉಜ್ಜಿ ತೆಗೆದದ್ದು ಕೊಳೆಯಲ್ಲ. ತಾಯಿಯವರು ಅದನ್ನು ಗಂಟು ಕಟ್ಟಿ ಕಾಪಾಡಿದ ವರುಷಗಳ ಗುರುತು. ತಮ್ಮ ಮನೆಗಳಲ್ಲೂ ಹಿರಿಯರ ನಾಣ್ಯವಿದ್ದರೆ, ಅದನ್ನು ಬೆಳಗುವ ಮುನ್ನ ತಿಳಿದವರನ್ನೊಮ್ಮೆ ಕೇಳಬೇಕೆಂದು ನಮ್ಮ ವಿನಂತಿ.