ಬಿಡ್ಡು ಹೆಸರು ಎಲ್ಲಿ ಹೋಯಿತು?

ಇಂದಿರಾನಗರ ನೂರಡಿ ರಸ್ತೆಯ ಹೋಟೆಲೊಂದರಲ್ಲಿ ನಿನ್ನೆ ‘ಆಪ್ ಜೈಸಾ ಕೋಯಿ’ ಕೇಳಿಬಂತು. ಪಕ್ಕದ ಮೇಜಿನವರು ಕಲ್ಯಾಣ್‌ಜಿ-ಆನಂದ್‌ಜಿ ಸಂಗೀತ ಅಂದರು. ‘ಕುರ್ಬಾನಿ’ಯ (1980) ಸಂಗೀತ ನಿರ್ದೇಶಕರು ಅವರೇ, ನಿಜ. ಆದರೆ ಈ ಹಾಡು ನಮ್ಮ ಬೆಂಗಳೂರಿನ ಕೊಡವ ಹುಡುಗ ಬಿಡ್ಡು ಅಪ್ಪಯ್ಯನದು! ಬಿಷಪ್ ಕಾಟನ್ಸ್‌ನಲ್ಲಿ ಓದಿ, ‘ಟ್ರೋಜನ್ಸ್’ ತಂಡ ಕಟ್ಟಿ ಇಂಗ್ಲೆಂಡಿಗೆ ಹೋದವನು. 1974ರ ‘ಕುಂಗ್ ಫೂ ಫೈಟಿಂಗ್’ ನಿರ್ಮಿಸಿದವನೂ ಅವನೇ. ರೆಕಾರ್ಡಿನ ಹಿಂಬದಿಗೆಂದು ಅವಸರದಲ್ಲಿ ಮುದ್ರಿಸಿದ ಆ ಹಾಡು ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು.

‘ಆಪ್ ಜೈಸಾ ಕೋಯಿ’ ಹಾಡಿದ ನಾಜಿಯಾ ಹಸನ್ ವಯಸ್ಸು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹುಟ್ಟಿದ್ದು 1965ರ ಏಪ್ರಿಲ್. ಚಿತ್ರ ತೆರೆಕಂಡಾಗ 15. ಲೆಕ್ಕ ಅಷ್ಟೇ. ಬಿಡ್ಡು ಹೆಸರು ಮಾತ್ರ ಅವನ ಊರಲ್ಲೇ ಮರೆತುಹೋದರೆ ನನಗೆ ಸಂಕಟ. ಎದ್ದುಹೋಗಿ ಹೇಳಿದೆ.