ಮುಟ್ಟಿತೆಂಬ ಮಾತು

ಕಾಗದ ಬರೆಯುವುದು ದೊಡ್ಡ ಕೆಲಸವಲ್ಲ. ಅದು ಸೇರಬೇಕಾದವರ ಕೈ ಸೇರಿತೆಂದು ತಿಳಿದುಕೊಳ್ಳುವುದೇ ದೊಡ್ಡ ಕೆಲಸ. ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ‘ತಮ್ಮ ಕಾಗದ ಮುಟ್ಟಿ ಸಂಗತಿ ತಿಳಿಯಿತು’ ಎಂದು ಮೊದಲು ಬರೆದು, ಅನಂತರವೇ ಮಳೆ ಬೆಳೆಯ ಮಾತೆತ್ತುತ್ತಿದ್ದರು.

ಸಿಂಧನೂರಿನ ಒಂದು ಮನೆಯಲ್ಲಿ ಈ ವಿದ್ಯೆಯನ್ನು ಕಲಿತವರು ಇಬ್ಬರಿದ್ದಾರೆ. ತಂದೆ ಲಿಂಗಸುಗೂರಿನ ಅಂಚೆ ಕಚೇರಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಮಗ ಗಣಕಯಂತ್ರದ ಇಂಜಿನಿಯರು. ಬೆಂಗಳೂರಿನ ಸಂಸ್ಥೆಯೊಂದರ ಕೆಲಸವನ್ನು ಮಾಳಿಗೆಯ ಕೋಣೆಯಲ್ಲಿ ಕುಳಿತೇ ಮಾಡುತ್ತಾನೆ. ಕಿಟಕಿಯಾಚೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಬತ್ತದ ಗದ್ದೆಗಳು. ಕಿಟಕಿಯೀಚೆ ಕಪ್ಪು ತೆರೆಯ ಮೇಲೆ ಬಿಳಿಯ ಅಕ್ಷರಗಳು.

“ನಿನ್ನ ಕೆಲಸ ಏನೋ ತಮ್ಮಾ?” ಎಂದು ತಂದೆ ಒಮ್ಮೆ ಕೇಳಿದರು.

“ನೀವು ಮಾಡಿದ್ದ ಕೆಲಸಾನೇ ಅಪ್ಪಾಜಿ, ಸಾರ್ಟಿಂಗ್” ಎಂದ ಮಗ.

ಅವನ ಮಾತಿನಲ್ಲಿ ಅತಿಶಯವಿರಲಿಲ್ಲ. ಒಂದು ಗಣಕವು ಇನ್ನೊಂದಕ್ಕೆ ಸುದ್ದಿ ಕಳುಹಿಸುವಾಗ, ಪಡೆಯಬೇಕಾದ ಗಣಕ ಬೇರೆ ಕೆಲಸದಲ್ಲಿ ಮುಳುಗಿರಬಹುದು, ಕೆಟ್ಟೂ ನಿಂತಿರಬಹುದು. ಆದುದರಿಂದ ನಡುವೆ ಒಬ್ಬ ಮಧ್ಯಸ್ಥ ಬೇಕು. ಅದಕ್ಕೆ ‘ಮೆಸೇಜ್ ಬ್ರೋಕರ್’ ಎಂದು ಹೆಸರು. 2007ರಲ್ಲಿ ಹೊರಬಂದ ರ್‍ಯಾಬಿಟ್‌ಎಂಕ್ಯೂ ಅಂಥದೊಂದು. ಅದು ಸಂದೇಶಗಳನ್ನು ಸಾಲಾಗಿ ನಿಲ್ಲಿಸಿಕೊಂಡಿರುತ್ತದೆ. ಪಡೆದವರಿಂದ ‘ಮುಟ್ಟಿತು’ ಎಂಬ ಮಾತು ಬಂದ ಮೇಲೆಯೇ ಅಳಿಸುವಂತೆ ಅದಕ್ಕೆ ಕಟ್ಟುಪಾಡು ವಿಧಿಸಬಹುದು. ಆ ಮಾತು ಬರುವ ಮುನ್ನ ಸಂಪರ್ಕ ಕಡಿದರೆ ಸಂದೇಶವನ್ನು ಮತ್ತೆ ಸಾಲಿಗೆ ಸೇರಿಸುತ್ತದೆ. ತಿರಸ್ಕೃತವಾದ, ಅವಧಿ ಮೀರಿದ ಸಂದೇಶಗಳನ್ನು ಬೇರೊಂದು ಸಾಲಿಗೆ ಕಳುಹಿಸುವ ಏರ್ಪಾಟೂ ಉಂಟು; ಅವುಗಳಿಗೆ ‘ಡೆಡ್ ಲೆಟರ್’ ಎಂದು ಕರೆಯುತ್ತಾರೆ. ಇದನ್ನು ಕೇಳಿ ಹಿರಿಯರಿಗೆ ನಗು ತಡೆಯಲಾಗಲಿಲ್ಲ. ವಿಳಾಸದಾರ ಸಿಗದ ಕಾಗದಗಳ ಕಚೇರಿಗೆ ಅಂಚೆ ಇಲಾಖೆ ಹಿಂದೆ ಇಟ್ಟಿದ್ದ ಹೆಸರೂ ಅದೇ!

ಈ ಮಧ್ಯಸ್ಥನನ್ನು ನೋಡಿಕೊಳ್ಳುವವರು ಆಜ್ಞೆಗಳನ್ನು ಒಂದೊಂದಾಗಿ ಟೈಪು ಮಾಡಬೇಕು. ಉದ್ದುದ್ದನೆಯ ಆಜ್ಞೆಗಳಿಂದ ಬೇಸತ್ತ ಮಗ, ಅವನ್ನು ಚುಟುಕಾಗಿಸುವ ಉಪಕರಣವೊಂದನ್ನು ತಾನೇ ಕಟ್ಟಿದ. ಬ್ರೋಕರಿನೊಳಗೆ ‘ವರ್ಚುವಲ್ ಹೋಸ್ಟ್’ ಎಂಬ ಬೇರೆ ಬೇರೆ ಕೋಣೆಗಳಿರುತ್ತವೆ. ಅವನಲ್ಲಿ ಪರೀಕ್ಷೆಗೆ ಒಂದು, ನಿಜವಾದ ವ್ಯವಹಾರಕ್ಕೆ ಒಂದು. ಪ್ರತಿಸಲ ಕೋಣೆಯ ಹೆಸರು ಬರೆಯುವುದೇಕೆಂದು, ಕೊನೆಯ ಸಲ ಹೊಕ್ಕ ಕೋಣೆಯನ್ನು ನೆನಪಿಡುವಂತೆ ಉಪಕರಣಕ್ಕೆ ಕಲಿಸಿದ. ಜೊತೆಯವರೆಲ್ಲ ಮೆಚ್ಚಿಕೊಂಡರು.

ಒಂದು ರಾತ್ರಿ ಪರೀಕ್ಷೆಯ ಸಾಲನ್ನು ಬರಿದು ಮಾಡುವ ಆಜ್ಞೆ ಕೊಟ್ಟ. ಉಪಕರಣ ನೆನಪಿನಲ್ಲಿಟ್ಟುಕೊಂಡದ್ದು ಮತ್ತೊಂದು ಕೋಣೆಯನ್ನು. ಅಲ್ಲಿದ್ದವು ಮರುದಿನದ ತಪಾಸಣೆಗೆ ಬರಬೇಕಾದ ರೋಗಿಗಳಿಗೆ ಹೋಗಬೇಕಾಗಿದ್ದ ಸೂಚನೆಗಳು. ಕಣ್ಣೆವೆ ಇಕ್ಕುವಷ್ಟರಲ್ಲಿ ಸಾಲು ಬರಿದಾಯಿತು. ಲೆಕ್ಕದ ದಾಖಲೆಗಳನ್ನು ಹುಡುಕಿ ಬೆಳಗಿನವರೆಗೆ ಬಹುಪಾಲನ್ನು ಮತ್ತೆ ಕಳುಹಿಸಿದರೂ, ತಪಾಸಣೆ ತಪ್ಪಿಸಿಕೊಂಡ ವೃದ್ಧರೊಬ್ಬರ ದೂರು ಬಂದೇ ಬಂತು. ಮಗ ಅಂದು ಊಟಕ್ಕೆ ಏಳಲಿಲ್ಲ.

ತಂದೆ ಗದರಿಸಲಿಲ್ಲ. “ರಿಜಿಸ್ಟರ್ ಕಾಗದ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಸೈ ಆಗಬೇಕು ತಮ್ಮಾ. ಕೈ ಚುರುಕಾದವರೇ ಹೆಚ್ಚು ತಪ್ಪು ಮಾಡ್ತಾರ. ಅದಕ್ಕೇ ಸೈ ಇಟ್ಟಿದ್ದು, ಕೈ ಒಂದು ಗಳಿಗಿ ನಿಲ್ಲಲಿ ಅಂತ” ಎಂದಷ್ಟೇ ಹೇಳಿದರು. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಆದರೆ ಆ ಸಹಿಯ ಶಿಸ್ತು ಅವರ ಬೆರಳುಗಳಲ್ಲಿ ಇನ್ನೂ ಉಳಿದಿದೆ.

ಮುಂದಿನ ವಾರ ನೆಂಟರ ಮದುವೆಗೆ ಇಬ್ಬರೂ ಲಿಂಗಸುಗೂರಿಗೆ ಹೊರಟರು. ದಾರಿಯಲ್ಲಿ ಮಸ್ಕಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಕಂಡ ಅಶೋಕನ ಶಾಸನದ ಬಂಡೆಯ ಮುಂದೆ ತಂದೆ ಮಗನನ್ನು ನಿಲ್ಲಿಸಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ಹೆಸರಿರಲಿಲ್ಲ. ಇಲ್ಲಿ ‘ಅಶೋಕ’ ಎಂದೇ ಕೆತ್ತಿದೆ. ಕಳುಹಿಸಿದವನ ಹೆಸರಿದ್ದ ಒಂದು ಓಲೆಯಿಂದ ಮಿಕ್ಕ ಓಲೆಗಳ ಒಡೆಯ ಯಾರೆಂಬುದು ಖಚಿತವಾಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಂತೂ ಓಲೆ ಬಂದ ದಾರಿಯೇ ಇದೆ: ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಅರಸನ ಆಜ್ಞೆಯನ್ನು ತಿಳಿಸುತ್ತಾರೆ. ನಡುವಿನವರು ಆಜ್ಞೆಯನ್ನು ದಾಟಿಸಿದ್ದಲ್ಲದೆ, ಯಾರಿಂದ ಯಾರಿಗೆ ಎಂಬುದನ್ನೂ ಕಲ್ಲಿನಲ್ಲಿ ಉಳಿಸಿದರು.

ಊರಿಗೆ ಮರಳಿದ ಮಗ ಉಪಕರಣವನ್ನು ಹೊಸದಾಗಿ ಬೆಳೆಸತೊಡಗಿದ. ಈಗ ಅದು ನೋಡುವ ಆಜ್ಞೆಗಳಿಗೆ ಮಾತ್ರ ನೆನಪನ್ನು ಬಳಸುತ್ತದೆ. ಬರಿದು ಮಾಡೆಂದರೆ ಕೋಣೆಯ ಹೆಸರನ್ನೂ ಸಾಲಿನ ಹೆಸರನ್ನೂ ಪೂರ್ತಿ ಬರೆಯಿಸಿಕೊಂಡು, ಸಾಲಿನಲ್ಲಿ ಎಷ್ಟು ಸಂದೇಶಗಳಿವೆಯೆಂದು ತೋರಿಸಿ, ‘ನಿಜವೇ?’ ಎಂದು ಕೇಳುತ್ತದೆ. ಆಗಲೂ ನಾಶ ಮಾಡುವುದಿಲ್ಲ. ಸಂದೇಶಗಳನ್ನು ಬೇರೊಂದು ಸಾಲಿಗೆ ಸಾಗಿಸಿ ಏಳು ದಿನ ಕಾಯ್ದಿಡುತ್ತದೆ. ಯಾರು, ಯಾವಾಗ, ಏನು ಆಜ್ಞಾಪಿಸಿದರೆಂಬುದು ದಿನಚರಿಯಲ್ಲಿ ದಾಖಲಾಗುತ್ತದೆ. ಆಜ್ಞೆ ಉದ್ದವಾಯಿತೆಂದು ಜೊತೆಯವರು ಗೊಣಗಿದರು. ಅವನು ಮೊಟಕುಗೊಳಿಸಲಿಲ್ಲ.

ಹೊಸ ಉಪಕರಣ ಬಳಕೆಗೆ ಬಂದ ಸಂಜೆ, ಮಗ ಮಾಳಿಗೆಯಿಂದಲೇ ತಂದೆಯ ಮೊಬೈಲಿಗೆ ‘ಕೆಲಸ ಮುಗಿಯಿತು ಅಪ್ಪಾಜಿ’ ಎಂದು ಬರೆದು ಕಳುಹಿಸಿದ. ಓದಿದರೆಂಬ ನೀಲಿ ಗುರುತು ತೆರೆಯ ಮೇಲೆ ಮೂಡಿತು. ಹಿರಿಯರಿಗೆ ಅಷ್ಟು ಸಾಲಲಿಲ್ಲ. ಮೆಟ್ಟಿಲ ಬುಡಕ್ಕೆ ಬಂದು, ಕೈಗಂಬಿ ಹಿಡಿದು ನಿಂತು, ಕೂಗಿ ಹೇಳಿದರು:

“ಮುಟ್ಟಿತೋ ತಮ್ಮಾ!”